ಪೋಕರ್ ಕಲಿಯೋಣ ಬನ್ನಿ: ಕೈ ಬಿಡುವ ವಿದ್ಯೆ



ಕಳೆದ ಸಂಕ್ರಾಂತಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ಇಬ್ಬರು ಮಿತ್ರರು "ನಿಮ್ಮ ಗುಂಪಿನಲ್ಲಿ ಶುಕ್ರವಾರ ಪೋಕರ್ ನಡೆಯುತ್ತಂತೆ, ನಮಗೂ ಹೇಳಿಕೊಡಿ ಸಾರ್" ಎಂದು ಕೇಳಿದರು. ಮಾತು ಸಂಪಾದಕರ ಕಿವಿಗೂ ಬಿತ್ತು. "ಇಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಬರೆದುಬಿಡಿ" ಎಂದರು. ಅದರ ಫಲವೇ ಈ ಲೇಖನ.

ಮೊದಲೇ ಹೇಳಿಬಿಡುತ್ತೇನೆ, ನಾನು ಪೋಕರ್ ಪಂಡಿತನಲ್ಲ. ಹಗಲು ಕೋಡ್ ಬರೆದು, ಶುಕ್ರವಾರ ರಾತ್ರಿ ಗೆಳೆಯರ ಮನೆಯ ಬೇಸ್‌ಮೆಂಟಿನಲ್ಲಿ ಮಂಡಕ್ಕಿ ಮೆಲ್ಲುತ್ತಾ ಎಲೆ ಹಿಡಿಯುವ ಸಾಮಾನ್ಯ ಆಟಗಾರ. ಆದರೆ ಈ ಆಟದಲ್ಲಿ ಒಂದು ಪಾಠವನ್ನು ದುಬಾರಿ ಫೀಸು ಕಟ್ಟಿ ಕಲಿತಿದ್ದೇನೆ. ತಮಾಷೆ ಏನೆಂದರೆ, ನನ್ನನ್ನು ಕೆಡಿಸಿದ್ದು ಸೋತ ಕೈಯಲ್ಲ, ಗೆದ್ದ ಕೈ! ಆ ಕಥೆ ಮುಂದೆ ಬರುತ್ತದೆ. ಮೊದಲು ಆಟ ಹೇಗೆಂದು ನೋಡೋಣ.

ಆಟ ನಡೆಯುವ ಬಗೆ

ಶಿವರಾತ್ರಿ ಜಾಗರಣೆಯ ರಮ್ಮಿ, ಹಾಸ್ಟೆಲಿನ ಇಪ್ಪತ್ತೆಂಟು, ಮದುವೆ ಛತ್ರದ ಮೂಲೆಯ ಮೂರೆಲೆ... ಇಸ್ಪೀಟು ನಮಗೇನೂ ಹೊಸದಲ್ಲ. ಪೋಕರಿನಲ್ಲಿ ಹಲವು ಬಗೆಗಳಿವೆ. ಅಮೆರಿಕದಲ್ಲಿ ಈಗ ಹೆಚ್ಚು ಆಡುವುದು ಟೆಕ್ಸಾಸ್ ಹೋಲ್ಡೆಮ್. ಇದಕ್ಕೆ ದೊಡ್ಡ ಜನಪ್ರಿಯತೆ ಬಂದದ್ದು 2003ರಲ್ಲಿ. ಆ ವರ್ಷ ಲಾಸ್ ವೇಗಾಸಿನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯವನ್ನು ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ಗೆದ್ದರು (ಹೌದು, ಹೆಸರೇ ಹಾಗೆ!). ಇಂಟರ್‌ನೆಟ್ಟಿನ ಸಣ್ಣ ಪಂದ್ಯವೊಂದರಿಂದ ಸೀಟು ಗಿಟ್ಟಿಸಿ ಬಂದವರು 25 ಲಕ್ಷ ಡಾಲರ್ ಗೆದ್ದರು. ಆ ವರ್ಷ 839 ಜನ ಆಡಿದ್ದರು. 2006ರ ಹೊತ್ತಿಗೆ ಅದೇ ಪಂದ್ಯಕ್ಕೆ 8,773 ಜನ ಬಂದರು. "ಅವನಿಗೆ ಆಗಿದ್ದು ನಮಗೂ ಆಗಬಹುದು" ಎಂಬ ಆಸೆ ಅಂಥದ್ದು.

ಹೋಲ್ಡೆಮ್ ಆಟದಲ್ಲಿ ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಹಂಚುತ್ತಾರೆ. ಇವು ನಿಮ್ಮ ಸ್ವಂತ ಎಲೆಗಳು. ನಂತರ ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆರೆಯುತ್ತಾರೆ. ಮೊದಲು ಒಟ್ಟಿಗೆ ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಇನ್ನೊಂದು (ರಿವರ್). ನಿಮ್ಮ ಎರಡು, ಮೇಜಿನ ಐದು, ಒಟ್ಟು ಏಳರಲ್ಲಿ ಅತ್ಯುತ್ತಮ ಐದನ್ನು ಆರಿಸಿದರೆ ಅದೇ ನಿಮ್ಮ 'ಕೈ'.

ಎಲೆ ಹಂಚಿದ ಮೇಲೆ, ಫ್ಲಾಪ್ ಆದ ಮೇಲೆ, ಟರ್ನ್ ಆದ ಮೇಲೆ, ರಿವರ್ ಆದ ಮೇಲೆ, ಹೀಗೆ ನಾಲ್ಕು ಸಲ ಪಣ ಕಟ್ಟುವ ಸುತ್ತು. ನಿಮ್ಮ ಸರದಿ ಬಂದಾಗ ಮಾಡಬಹುದಾದದ್ದು ಇಷ್ಟೇ:

- ಯಾರೂ ಪಣ ಕಟ್ಟಿಲ್ಲದಿದ್ದರೆ ಸುಮ್ಮನೆ ಮುಂದೆ ಸಾಗಿಸಬಹುದು (ಚೆಕ್), ಇಲ್ಲವೇ ನೀವೇ ಕಟ್ಟಬಹುದು (ಬೆಟ್).
- ಯಾರಾದರೂ ಕಟ್ಟಿದ್ದರೆ ಅಷ್ಟೇ ಹಾಕಿ ಉಳಿಯಬಹುದು (ಕಾಲ್), ಏರಿಸಬಹುದು (ರೈಸ್), ಅಥವಾ ಎಲೆ ಮಡಚಿಟ್ಟು ಕೈ ಬಿಡಬಹುದು (ಫೋಲ್ಡ್).

ಆಟಕ್ಕೆ ಚಾಲನೆ ಸಿಗಲೆಂದು ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಸ್ವಲ್ಪ ಹಣ ಹಾಕಬೇಕು. ಇದಕ್ಕೆ ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್ ಎನ್ನುತ್ತಾರೆ. ಡೀಲರ್ ಬಟನ್ ಎಂಬ ಬಿಲ್ಲೆ ಪ್ರತಿ ಆಟಕ್ಕೂ ಒಂದು ಸೀಟು ಮುಂದೆ ಹೋಗುವುದರಿಂದ ಈ ತೆರಿಗೆ ಎಲ್ಲರಿಗೂ ಸಮನಾಗಿ ಬರುತ್ತದೆ. ನಡುವೆ ಕೂಡಿದ ಹಣದ ಗುಡ್ಡೆಗೆ ಪಾಟ್ ಎಂದು ಹೆಸರು.

ಯಾವ ಕೈ ದೊಡ್ಡದು?

52 ಎಲೆಗಳಿಂದ ಐದನ್ನು ಆರಿಸುವುದಕ್ಕೆ 25,98,960 ಬಗೆಗಳಿವೆ. ಯಾವುದು ಅಪರೂಪವೋ ಅದು ದೊಡ್ಡದು. ನಿಯಮ ಇಷ್ಟೇ. ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಹೀಗಿದೆ (ಪಕ್ಕದಲ್ಲಿರುವುದು ಎಷ್ಟು ಬಗೆಯಲ್ಲಿ ಬರಬಹುದೆಂಬ ಲೆಕ್ಕ):

1. ಸ್ಟ್ರೇಟ್ ಫ್ಲಶ್: ಒಂದೇ ಗುರುತಿನ ಐದು ಎಲೆಗಳ ಸೀಕ್ವೆನ್ಸ್ - 40
2. ಫೋರ್ ಆಫ್ ಎ ಕೈಂಡ್: ನಾಲ್ಕು ರಾಜ, ನಾಲ್ಕು ಏಳು, ಹೀಗೆ - 624
3. ಫುಲ್ ಹೌಸ್: ಮೂರು ಒಂದೇ ಅಂಕಿ, ಜೊತೆಗೊಂದು ಜೋಡಿ - 3,744
4. ಫ್ಲಶ್: ಐದೂ ಒಂದೇ ಗುರುತು - 5,108
5. ಸ್ಟ್ರೇಟ್: ಐದು ಎಲೆಗಳ ಸೀಕ್ವೆನ್ಸ್, ಗುರುತು ಯಾವುದಾದರೂ ಸರಿ - 10,200
6. ಥ್ರೀ ಆಫ್ ಎ ಕೈಂಡ್: ಮೂರು ಒಂದೇ ಅಂಕಿ - 54,912
7. ಟೂ ಪೇರ್: ಎರಡು ಜೋಡಿ - 1,23,552
8. ಒನ್ ಪೇರ್: ಒಂದು ಜೋಡಿ - 10,98,240
9. ಏನೂ ಇಲ್ಲ, ದೊಡ್ಡ ಎಲೆಯೇ ಗತಿ - 13,02,540

ಮೂರೆಲೆ ಆಡಿದವರು ಇಲ್ಲಿ ಎಚ್ಚರ ವಹಿಸಬೇಕು. ಮೂರೆಲೆಯಲ್ಲಿ ಸೀಕ್ವೆನ್ಸ್ ದೊಡ್ಡದು, ಕಲರ್ ಚಿಕ್ಕದು. ಪೋಕರಿನಲ್ಲಿ ಉಲ್ಟಾ! ನಮ್ಮ ಗುಂಪಿನ ಗೆಳೆಯನೊಬ್ಬ ಮೊದಲ ದಿನ ಸ್ಟ್ರೇಟ್ ತೋರಿಸಿ ಎರಡೂ ಕೈಯಿಂದ ಚಿಪ್ಸ್ ಬಾಚಿಕೊಳ್ಳಲು ಹೊರಟಿದ್ದ. ಎದುರಿನವರು ಫ್ಲಶ್ ತೋರಿಸಿ "ನಿಲ್ಲು ಗುರೂ" ಎಂದರು. ಇದು ಯಾರೋ ಮನಸ್ಸಿಗೆ ಬಂದಂತೆ ಮಾಡಿದ ನಿಯಮವಲ್ಲ. ಮೂರು ಎಲೆಯಲ್ಲಿ ಬರೀ ಸೀಕ್ವೆನ್ಸ್ 720 ಬಗೆಯಲ್ಲಿ, ಬರೀ ಕಲರ್ 1,096 ಬಗೆಯಲ್ಲಿ ಬರುತ್ತದೆ. ಆದ್ದರಿಂದ ಅಲ್ಲಿ ಸೀಕ್ವೆನ್ಸ್ ಅಪರೂಪ. ಐದು ಎಲೆಯಾದಾಗ ಲೆಕ್ಕ ತಿರುಗಿಬಿಡುತ್ತದೆ.

ಮೊದಲ ಎರಡು ಎಲೆ

ಹೊಸಬರು ಮಾಡುವ ದೊಡ್ಡ ತಪ್ಪು ಎಂದರೆ ಎಲ್ಲ ಕೈಗಳನ್ನೂ ಆಡುವುದು. "ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದಿದ್ದು ಸುಮ್ಮನೆ ಕೂರಲಿಕ್ಕಾ?" ಎಂಬ ಧೋರಣೆ. ಎರಡು ಎಲೆ 1,326 ಬಗೆಯಲ್ಲಿ ಬರಬಹುದು. ಅದರಲ್ಲಿ ಎಕ್ಕಗಳ ಜೋಡಿ ಬರುವುದು 221 ಕೈಗೊಮ್ಮೆ. ಯಾವುದೋ ಒಂದು ಜೋಡಿ ಬರುವುದು 17 ಕೈಗೊಮ್ಮೆ. ಜೋಡಿಯಲ್ಲದ ಎರಡು ಎಲೆ ಹಿಡಿದವರಿಗೆ ಫ್ಲಾಪಿನಲ್ಲಿ ಜೋಡಿಯೋ ಅದಕ್ಕಿಂತ ಒಳ್ಳೆಯದೋ ಸಿಗುವುದು ಸುಮಾರು ಮೂರಕ್ಕೆ ಒಂದು ಸಲ ಮಾತ್ರ. ಅಂದರೆ ಹೆಚ್ಚಿನ ಸಲ ಫ್ಲಾಪ್ ನಿಮಗೆ ಏನನ್ನೂ ಕೊಡುವುದಿಲ್ಲ.

ಕಲಿಯುವವರಿಗೆ ನನ್ನ ಸರಳ ಸೂತ್ರ ಇದು. ಹತ್ತರ ಜೋಡಿಯಿಂದ ಎಕ್ಕದ ಜೋಡಿಯವರೆಗೆ, ಎಕ್ಕ-ರಾಜ, ಎಕ್ಕ-ರಾಣಿ ಬಂದರೆ ಎಲ್ಲಿ ಕೂತಿದ್ದರೂ ಆಡಿ, ಆಡುವಾಗ ಏರಿಸಿಯೇ ಆಡಿ. ಚಿಕ್ಕ ಜೋಡಿಗಳು, ಒಂದೇ ಗುರುತಿನ ಎಂಟು-ಒಂಬತ್ತು, ಗುಲಾಮ-ಹತ್ತರಂಥವನ್ನು ನಿಮ್ಮ ಸರದಿ ಕೊನೆಗೆ ಬರುವಾಗ, ಕಡಿಮೆ ಖರ್ಚಿನಲ್ಲಿ ಆಡಿ. ಉಳಿದದ್ದನ್ನು ಮಡಚಿಡಿ. "ಎರಡೂ ಆಟೀನು ಬಂದಿದೆ, ಬಿಡೋದು ಹೇಗೆ?" ಎಂದು ಕೇಳುವವರು ನೆನಪಿಡಿ, ಒಂದೇ ಗುರುತಿನ ಎರಡು ಎಲೆ ಹಿಡಿದು ರಿವರ್ ತನಕ ಕೂತರೂ ಫ್ಲಶ್ ಆಗುವುದು 100ಕ್ಕೆ ಸುಮಾರು 6 ಸಲ.

ಸರದಿ ಕೊನೆಗೆ ಬರುವುದು ಏಕೆ ಮುಖ್ಯ? ಬಟನ್ ಇರುವವನು ಫ್ಲಾಪ್ ನಂತರ ಎಲ್ಲರಿಗಿಂತ ಕೊನೆಗೆ ಮಾತಾಡುತ್ತಾನೆ. ಉಳಿದವರು ಏನು ಮಾಡಿದರೆಂದು ನೋಡಿದ ಮೇಲೆ ಅವನ ತೀರ್ಮಾನ. ಆಫೀಸಿನ ಮೀಟಿಂಗಿನಲ್ಲಿ ಎಲ್ಲರ ಎಸ್ಟಿಮೇಟ್ ಕೇಳಿಸಿಕೊಂಡು ಕೊನೆಗೆ ಬಾಯಿ ಬಿಡುವ ಮ್ಯಾನೇಜರ್ ಇರುತ್ತಾರಲ್ಲ, ಹಾಗೆ!

ಬೆಲೆ ಕೇಳದೆ ಕೊಳ್ಳಬೇಡಿ

ಈಗ ಬಂತು ಆಟದ ಜೀವಾಳ. ಎದುರಿನವರು ಪಣ ಕಟ್ಟಿದಾಗ ಎರಡು ಪ್ರಶ್ನೆ ಕೇಳಿಕೊಳ್ಳಬೇಕು.

ಮೊದಲನೆಯದು: ನನಗೆ ಬೇಕಾದ ಎಲೆ ಬರುವ ಸಾಧ್ಯತೆ ಎಷ್ಟು? ನಿಮ್ಮ ಕೈಯಲ್ಲಿ ಎರಡು, ಮೇಜಿನ ಮೇಲೆ ಎರಡು ಆಟೀನು ಇವೆ ಎನ್ನಿ. ಒಟ್ಟು 13ರಲ್ಲಿ 4 ಕಂಡಿವೆ, ಇನ್ನು 9 ಉಳಿದಿವೆ. ನಿಮಗೆ ಸಹಾಯವಾಗುವ ಈ ಎಲೆಗಳನ್ನು ಔಟ್ಸ್ ಎನ್ನುತ್ತಾರೆ. ಟರ್ನ್ ಆದ ಮೇಲೆ ನೀವು ಕಾಣದ ಎಲೆಗಳು 46. ಹಾಗಾಗಿ ಸಾಧ್ಯತೆ 46ಕ್ಕೆ 9, ಸುಮಾರು ಶೇ. 20. ತಲೆಯಲ್ಲೇ ಲೆಕ್ಕ ಹಾಕಲು ಸುಲಭ ಉಪಾಯವಿದೆ: ಒಂದು ಎಲೆ ಬರುವುದಿದ್ದರೆ ಔಟ್ಸನ್ನು 2ರಿಂದ, ಎರಡೆಲೆ ಬರುವುದಿದ್ದರೆ 4ರಿಂದ ಗುಣಿಸಿ. 9 ಔಟ್ಸ್‌ಗೆ ಶೇ. 18 ಮತ್ತು ಶೇ. 36 ಬರುತ್ತದೆ. ನಿಜವಾದದ್ದು ಶೇ. 19.6 ಮತ್ತು ಶೇ. 35. ಮಂಡಕ್ಕಿ ತಿನ್ನುತ್ತಾ ಹಾಕುವ ಲೆಕ್ಕಕ್ಕೆ ಇಷ್ಟು ಸಾಕು.

ಎರಡನೆಯದು: ಇದಕ್ಕೆ ಎಷ್ಟು ಬೆಲೆ ಕೇಳುತ್ತಿದ್ದಾರೆ? ಪಾಟಿನಲ್ಲಿ 40 ಡಾಲರ್ ಇದೆ, ಎದುರಿನವರು 40 ಕಟ್ಟಿದರು. ನೀವು 40 ಹಾಕಿದರೆ ಪಾಟ್ 120 ಆಗುತ್ತದೆ. ಅದರಲ್ಲಿ ನಿಮ್ಮದು ಮೂರನೇ ಒಂದು ಪಾಲು. ಆದ್ದರಿಂದ ಕನಿಷ್ಠ ಶೇ. 33 ಸಲ ಗೆದ್ದರೆ ಮಾತ್ರ ಅಸಲು. ಇರುವ ಸಾಧ್ಯತೆ ಶೇ. 20, ಬೇಕಾದದ್ದು ಶೇ. 33. ಕೈ ಬಿಡಬೇಕು. ಇಷ್ಟೇ ಗಣಿತ. ಪಿಯುಸಿಯಲ್ಲಿ ಓದಿದ ಪ್ರಾಬಬಿಲಿಟಿ ಕೊನೆಗೂ ಕೆಲಸಕ್ಕೆ ಬಂತು ನೋಡಿ.

ಆಗಲೇ ಪಾಟಿಗೆ ಹಾಕಿದ ಹಣ ನಿಮ್ಮದಲ್ಲ. "ಇಷ್ಟು ಹಾಕಿದ್ದೇನೆ, ಈಗ ಹೇಗೆ ಬಿಡಲಿ?" ಎಂಬ ಮಾತಿಗೆ ಲೆಕ್ಕದಲ್ಲಿ ಜಾಗವೇ ಇಲ್ಲ.

ಗೆದ್ದು ಕೆಟ್ಟ ಕಥೆ

ಮೇಲಿನ ಉದಾಹರಣೆ ಪುಸ್ತಕದ್ದಲ್ಲ, ನನ್ನದೇ. ನಾನು ಆಡಲು ಶುರು ಮಾಡಿದ ಎರಡನೇ ವಾರ. ನನ್ನ ಕೈಯಲ್ಲಿ ಆಟೀನಿನ ಒಂಬತ್ತು, ಎಂಟು. ಮೇಜಿನ ಮೇಲೆ ಆಟೀನಿನ ರಾಜ, ಆಟೀನಿನ ನಾಲ್ಕು, ಕಳಾವರ್ ಎರಡು, ಇಸ್ಪೀಟ್ ಗುಲಾಮ. ಪಾಟಿನಲ್ಲಿ 40 ಡಾಲರ್. ಗೆಳೆಯ 40 ಕಟ್ಟಿದ. ಯಾವ ಲೆಕ್ಕವೂ ಗೊತ್ತಿರಲಿಲ್ಲ, "ಬಂದರೂ ಬರಬಹುದು" ಎಂದು ಹಾಕಿದೆ. ರಿವರಿನಲ್ಲಿ ಆಟೀನಿನ ಆರು! ಅವನ ಹತ್ತಿರ ಎರಡು ಕಪ್ಪು ಎಕ್ಕ ಇದ್ದವು. ಅವನು ತಪ್ಪಿಲ್ಲದೆ ಆಡಿದ್ದ, ನಾನು ತಪ್ಪಾಗಿ ಆಡಿದ್ದೆ, ದುಡ್ಡು ನನ್ನ ಕಡೆಗೆ ಬಂತು. ಎಲ್ಲರೂ ಬೆನ್ನು ತಟ್ಟಿದರು. "ಏನು ಧೈರ್ಯ ಮಾರಾಯ!" ಎಂದರು.

ಅಲ್ಲಿಂದ ನನಗೆ ಫ್ಲಶ್ ಹುಚ್ಚು ಹಿಡಿಯಿತು. ಎರಡು ಆಟೀನು ಕಂಡರೆ ಸಾಕು, ಬೆಲೆ ಕೇಳದೆ ಹಾಕುತ್ತಿದ್ದೆ. ಸೋತಾಗಲೆಲ್ಲ "ಇವತ್ತು ನಸೀಬು ಸರಿ ಇಲ್ಲ" ಎಂಬ ಸಮಾಧಾನ. ಕೆಲವು ತಿಂಗಳ ಮೇಲೆ ಇಂಜಿನಿಯರ್ ಬುದ್ಧಿ ಜಾಗೃತವಾಗಿ ಪ್ರತಿ ಶುಕ್ರವಾರದ ಕೈಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಬರೆದಿಡತೊಡಗಿದೆ. ಆರು ತಿಂಗಳಲ್ಲಿ ಟರ್ನ್ ಆದ ಮೇಲೆ ಫ್ಲಶ್‌ಗಾಗಿ ಹಣ ಹಾಕಿದ್ದು 31 ಸಲ. ಬಂದದ್ದು 6 ಸಲ. ಒಟ್ಟು ನಷ್ಟ 410 ಡಾಲರ್.

31ನ್ನು 46ಕ್ಕೆ 9ರ ಲೆಕ್ಕದಲ್ಲಿ ಗುಣಿಸಿ ನೋಡಿ. ಬರಬೇಕಾದದ್ದೂ 6 ಸಲವೇ! ನನ್ನ ನಸೀಬು ಸರಿಯಾಗಿಯೇ ಇತ್ತು. ಕೊಟ್ಟ ಬೆಲೆ ತಪ್ಪಾಗಿತ್ತು. ಆ ಮೊದಲ ಕೈಯನ್ನೂ ಲೆಕ್ಕ ಹಾಕಿದೆ. 46ರಲ್ಲಿ 9 ಸಲ 80 ಡಾಲರ್ ಲಾಭ, 37 ಸಲ 40 ಡಾಲರ್ ನಷ್ಟ. ಸರಾಸರಿ ತೆಗೆದರೆ ಹಾಕಿದಾಗಲೆಲ್ಲ 16 ಡಾಲರ್ 50 ಸೆಂಟ್ ನಷ್ಟ. ಬೆನ್ನು ತಟ್ಟಿಸಿಕೊಂಡ ರಾತ್ರಿಯೂ ನಾನು ಆ ಹದಿನಾರೂವರೆ ಡಾಲರಿನ ತಪ್ಪು ಮಾಡಿದ್ದೆ. ಗೆದ್ದಿದ್ದರಿಂದ ಅದು ಕಾಣಲಿಲ್ಲ, ಅಷ್ಟೇ.

ಪೋಕರ್ ಕಲಿಯಲು ಕಷ್ಟವಾಗುವುದು ಇದೇ ಕಾರಣಕ್ಕೆ. ಚೆಸ್‌ನಲ್ಲಿ ತಪ್ಪು ನಡೆಗೆ ಎದುರಾಳಿ ಅಲ್ಲೇ ಶಿಕ್ಷೆ ಕೊಡಬಹುದು. ಇಲ್ಲಿ ತಪ್ಪಿಗೆ ಬಹುಮಾನ ಸಿಗುತ್ತದೆ, ಸರಿಯಾಗಿ ಆಡಿದವನಿಗೆ ಪೆಟ್ಟು ಬೀಳುತ್ತದೆ. ಎಕ್ಕದ ಜೋಡಿ ಹಿಡಿದು ಎಲ್ಲ ಹಣ ಇಟ್ಟಾಗ ಎದುರಿನವರ ಬಳಿ ರಾಜನ ಜೋಡಿ ಇದ್ದರೂ ಐದರಲ್ಲಿ ಸುಮಾರು ಒಂದು ಸಲ ನೀವು ಸೋಲುತ್ತೀರಿ. ಆದ್ದರಿಂದ ಆಟ ಮುಗಿದ ಮೇಲೆ "ಗೆದ್ದೆನೋ ಸೋತೆನೋ" ಎಂದಲ್ಲ, "ಆ ಹೊತ್ತಿಗೆ ಗೊತ್ತಿದ್ದರಲ್ಲಿ ಸರಿಯಾಗಿ ತೀರ್ಮಾನ ಮಾಡಿದೆನೋ" ಎಂದು ಕೇಳಿಕೊಳ್ಳಬೇಕು.

ಬ್ಲಫ್ ಎಂದರೆ ಮುಖಾಭಿನಯವಲ್ಲ

ಸಿನಿಮಾದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ನೋಡುವುದೇ ಬ್ಲಫ್. ನಿಜದಲ್ಲಿ ಇದಕ್ಕೂ ಬೆಲೆಯ ಲೆಕ್ಕವಿದೆ. ಪಾಟಿನ ಅರ್ಧದಷ್ಟು ಕಟ್ಟಿ ಬ್ಲಫ್ ಮಾಡಿದರೆ ಮೂರರಲ್ಲಿ ಒಂದು ಸಲಕ್ಕಿಂತ ಹೆಚ್ಚು ಎದುರಿನವರು ಎಲೆ ಬಿಡಬೇಕು, ಆಗ ಲಾಭ. ಪಾಟಿನಷ್ಟೇ ಕಟ್ಟಿದರೆ ಎರಡರಲ್ಲಿ ಒಂದಕ್ಕಿಂತ ಹೆಚ್ಚು. ಆದ್ದರಿಂದ ಮೊದಲ ನಿಯಮ: ಕೈ ಬಿಡಲು ಗೊತ್ತಿಲ್ಲದವರ ಮೇಲೆ ಬ್ಲಫ್ ಮಾಡಬೇಡಿ. (ನನ್ನ ಆ ಹಳೆಯ ಅವತಾರದ ಮೇಲೆ ಬ್ಲಫ್ ಮಾಡಿದವರೆಲ್ಲ ಸೋತರು.) ಎರಡನೆಯದು: ನೀವು ಹೇಳುವ ಕಥೆ ಮೊದಲಿನಿಂದ ಕೂಡಿಬರಬೇಕು. ಫ್ಲಾಪಿನಿಂದ ಸುಮ್ಮನಿದ್ದು ರಿವರಿನಲ್ಲಿ ಇದ್ದಕ್ಕಿದ್ದಂತೆ ಗುಡುಗಿದರೆ ಯಾರೂ ನಂಬುವುದಿಲ್ಲ.

ನಮ್ಮ ವೃತ್ತಿಯವರಿಗೆ ಇಷ್ಟವಾಗುವ ವಿಷಯ ಒಂದಿದೆ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರನ್ನು 1,20,000 ಕೈಗಳ ಪಂದ್ಯದಲ್ಲಿ ಸೋಲಿಸಿತು. 2019ರಲ್ಲಿ ಪ್ಲುರಿಬಸ್ ಎಂಬುದು ಆರು ಜನರ ಮೇಜಿನಲ್ಲೂ ಗೆದ್ದಿತು. ಅವಕ್ಕೆ ಯಾರ ಮುಖವೂ ಕಾಣುತ್ತಿರಲಿಲ್ಲ. ಆದರೂ ಬ್ಲಫ್ ಮಾಡಿದವು! ಎಷ್ಟು ಸಲ ಬ್ಲಫ್ ಮಾಡಬೇಕು, ಎಷ್ಟು ಸಲ ನಿಜವಾದ ಕೈಯಿಂದ ಕಟ್ಟಬೇಕು ಎಂಬ ಹದ ಅವಕ್ಕೆ ಗೊತ್ತಿತ್ತು.

ದುಡ್ಡಿನ ಮಾತು

ಇಷ್ಟು ಲೆಕ್ಕ ಗೊತ್ತಾದ ಮೇಲೆ ನಾನು ಜಾಣನಾದೆ ಎಂದುಕೊಂಡು ಒಂದು ಶನಿವಾರ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊ ಒಂದಕ್ಕೆ ಹೋದೆ. ಮೊದಲ ಗಂಟೆಯಲ್ಲಿ ಎಕ್ಕದ ಜೋಡಿ ಸೋತಿತು. 200 ಡಾಲರ್ ಹೋಯಿತು. ಆಟ ಸರಿಯಾಗಿಯೇ ಇತ್ತು, ತಪ್ಪು ಶುರುವಾದದ್ದು ಆಮೇಲೆ. ಕಳೆದದ್ದನ್ನು ಅಂದೇ ವಾಪಸ್ ಪಡೆಯುವ ಹಟ ಹಿಡಿಯಿತು. ಇನ್ನೊಂದು 200, ಮತ್ತೊಂದು 200. ಬೇಡದ ಕೈಗಳನ್ನೆಲ್ಲ ಆಡಿದೆ. ಬೆಳಗಿನ ಜಾವ ಮೂರಕ್ಕೆ ಕಾರು ಹತ್ತಿದಾಗ 600 ಡಾಲರ್ ಹೋಗಿತ್ತು. ಅದು ಡಿಸೆಂಬರಿನಲ್ಲಿ ಊರಿಗೆ ಹೋಗುವ ಟಿಕೆಟ್ಟಿಗೆಂದು ತೆಗೆದಿಟ್ಟ ಹಣದ ಭಾಗ.

ಬೆಳಿಗ್ಗೆ ಹೆಂಡತಿಗೆ ಹೇಳಿದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಎಷ್ಟು ಹೋದ್ರೆ ಎದ್ದು ಬರ್ಬೇಕು ಅಂತ ಹೊರಡೋ ಮುಂಚೆ ಅಂದ್ಕೊಂಡಿದ್ಯಾ?" ಇಲ್ಲ, ಅಂದುಕೊಂಡಿರಲಿಲ್ಲ. ಪ್ರತಿ ಕೈಗೂ ಬೆಲೆ ಕೇಳಬೇಕೆಂದು ಕಲಿತವನು ಇಡೀ ರಾತ್ರಿಯ ಬೆಲೆ ಕೇಳಿರಲಿಲ್ಲ. ಟಿಕೆಟ್ಟಿನ ಹಣ ಕೂಡಿಸಿಕೊಳ್ಳಲು ನಾಲ್ಕು ತಿಂಗಳು ಶುಕ್ರವಾರದ ಆಟಕ್ಕೆ ರಜೆ ಹಾಕಿದೆ.

ಈಗ ನಮ್ಮ ಗುಂಪಿನಲ್ಲಿ ನಾವೇ ಮಾಡಿಕೊಂಡ ಕಟ್ಟುಪಾಡುಗಳಿವೆ. ಒಬ್ಬರು 20 ಡಾಲರ್ ಹಾಕಿ ಕೂರುವುದು, ಮುಗಿದರೆ ಇನ್ನೊಂದೇ ಸಲ ಹಾಕಬಹುದು. ಸಾಲ ಇಲ್ಲ, "ಮುಂದಿನ ವಾರ ಕೊಡ್ತೀನಿ" ಇಲ್ಲ. ಹನ್ನೊಂದೂವರೆಗೆ ಕೊನೆಯ ಕೈ, ಗೆಲ್ಲುತ್ತಿದ್ದರೂ ಸೋಲುತ್ತಿದ್ದರೂ. ಮನೆಯವನು ಪಾಟಿನಿಂದ ಒಂದು ಸೆಂಟೂ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಹಣ ಕಟ್ಟಿ ಆಡುವ ಬಗ್ಗೆ ಇಲ್ಲಿ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ, ನಿಮ್ಮಲ್ಲಿ ಹೇಗೆಂದು ನೋಡಿಕೊಳ್ಳಿ. ಊರಿಗೆ ಹೋದಾಗ ಫೋನಿನಲ್ಲಿ ಆಡುತ್ತೇನೆ ಎನ್ನುವವರಿಗೆ ಒಂದು ಮಾತು: 2025ರ ಆಗಸ್ಟಿನಲ್ಲಿ ಭಾರತದ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿದೆ. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದ ಅದರಲ್ಲಿಲ್ಲ.

ಇನ್ನೊಂದು ಮಾತು, ತಮಾಷೆಯಲ್ಲ. ಯಾರಾದರೂ ಸೋತ ಹಣವನ್ನು ಮನೆಯಲ್ಲಿ ಮುಚ್ಚಿಡುತ್ತಿದ್ದರೆ, ಆಡಲು ಸಾಲ ಕೇಳುತ್ತಿದ್ದರೆ, ಅವರಿಗೆ ಬೇಕಾದದ್ದು ಪೋಕರ್ ಪಾಠವಲ್ಲ, ಸಹಾಯ. ಅಮೆರಿಕದಲ್ಲಿ 1-800-ಗ್ಯಾಂಬ್ಲರ್ ಸಹಾಯವಾಣಿಗೆ ಕರೆ ಮಾಡಬಹುದು. ನಮ್ಮವರ ನಡುವೆ ಮರ್ಯಾದೆಗೆ ಅಂಜಿ ಸುಮ್ಮನಿರುವವರೇ ಹೆಚ್ಚು. ದಯವಿಟ್ಟು ಸುಮ್ಮನಿರಬೇಡಿ.

ಮನೆಗೆಲಸ

ಪಾಠ ಎಂದ ಮೇಲೆ ಹೋಮ್‌ವರ್ಕ್ ಬೇಡವೇ? ಟರ್ನ್ ಆಗಿದೆ. ನಿಮ್ಮ ಹತ್ತಿರ ಆರು, ಏಳು, ಎಂಟು, ಒಂಬತ್ತು ಕೂಡಿವೆ. ಐದು ಬಂದರೂ ಹತ್ತು ಬಂದರೂ ಸ್ಟ್ರೇಟ್. ಪಾಟಿನಲ್ಲಿ 60 ಡಾಲರ್ ಇದೆ, ಎದುರಿನವರು 20 ಕಟ್ಟಿದ್ದಾರೆ. ಹಾಕುತ್ತೀರೋ, ಬಿಡುತ್ತೀರೋ? ಮುಂದೆ ಓದುವ ಮೊದಲು ಲೆಕ್ಕ ಹಾಕಿ.

ಔಟ್ಸ್ 8, ಸಾಧ್ಯತೆ 46ಕ್ಕೆ 8, ಅಂದರೆ ಶೇ. 17.4. ನೀವು ಹಾಕುವ 20 ಸೇರಿ ಪಾಟ್ 100 ಆಗುತ್ತದೆ, ಬೇಕಾದದ್ದು ಶೇ. 20. ಬರೀ ಇಷ್ಟೇ ನೋಡಿದರೆ ಬಿಡಬೇಕು. ಆದರೆ ಸ್ಟ್ರೇಟ್ ಆದಾಗ ರಿವರಿನಲ್ಲಿ ಎದುರಿನವರು ಸರಾಸರಿ ಇನ್ನೂ 15 ಡಾಲರ್ ಕೊಡುತ್ತಾರೆ ಎಂಬ ನಂಬಿಕೆಯಿದ್ದರೆ ಲೆಕ್ಕ ಸಮವಾಗುತ್ತದೆ, ಅದಕ್ಕಿಂತ ಹೆಚ್ಚಾದರೆ ಲಾಭ. ನನ್ನ ಆ ಫ್ಲಶ್ ಕೈಗೆ ಇದೇ ರೀತಿ ಸಮವಾಗಲು ಇನ್ನೂ 84 ಡಾಲರ್ ಬೇಕಿತ್ತು. ಮೇಜಿನ ಮೇಲೆ ಮೂರನೇ ಆಟೀನು ಬಿದ್ದದ್ದನ್ನು ನೋಡಿ ಯಾರು ಸ್ವಾಮಿ ಅಷ್ಟು ಕೊಡುತ್ತಾರೆ?

ಮೊನ್ನೆ ಫೋನಿನಲ್ಲಿ ಅಮ್ಮ "ಅಷ್ಟು ದೂರ ಹೋಗಿ ಇಸ್ಪೀಟು ಕಲಿತೆಯೇನೋ?" ಎಂದು ಕೇಳಿದರು. "ಇಲ್ಲಮ್ಮ, ಎಲೆ ಕೆಳಗಿಡೋದು ಕಲಿತೆ" ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಈ ಶುಕ್ರವಾರ ನಾನು ಎಷ್ಟು ಕೈ ಬಿಟ್ಟೆ ಎಂದು ಎಣಿಸಿದ್ದೇನೆ: 74 ಕೈಗಳಲ್ಲಿ 58. ರಾತ್ರಿಯ ಲೆಕ್ಕ, 3 ಡಾಲರ್ ನಷ್ಟ. ಆಟ ಚೆನ್ನಾಗಿತ್ತು.

ನಿಮ್ಮ ಪ್ರಶ್ನೆ, ಅನಿಸಿಕೆಗಳನ್ನು ಸಂಪಾದಕರಿಗೆ ಕಳಿಸಿ. ಯುಗಾದಿ ಕಾರ್ಯಕ್ರಮದಲ್ಲಿ ಸಿಗೋಣ. ಒಂದು ಕಟ್ಟು ಎಲೆ ಜೇಬಿನಲ್ಲಿರುತ್ತದೆ, ಚಿಪ್ಸ್ ಬದಲು ಹುರಿಗಡಲೆ ಇಟ್ಟು ಆಡೋಣ!